ಪರದೇಶದ ಹಳೆಯ ಮೋಟಾರು: ಕೊಳ್ಳುವ ಬೆಲೆಯೂ ಒಗ್ಗಿಸುವ ಬೆಲೆಯೂ

(ಅಂತಿಮ ಬಿ.ಎ. ಅರ್ಥಶಾಸ್ತ್ರ ವಿದ್ಯಾರ್ಥಿಯ ಅಭ್ಯಾಸ ಲೇಖನ)

ಅರ್ಥಶಾಸ್ತ್ರದ ತರಗತಿಯಲ್ಲಿ ‘ಬೆಲೆ’ ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ. ಬೇಡಿಕೆಯೂ ಪೂರೈಕೆಯೂ ಸಂಧಿಸುವಲ್ಲಿ ಬೆಲೆ ಹುಟ್ಟುತ್ತದೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಅಕ್ಕಿಗೂ ಬಟ್ಟೆಗೂ ಈ ಮಾತು ಸಲ್ಲುತ್ತದೆ. ಆದರೆ ಕೊಂಡ ದಿನದಿಂದಲೇ ಖರ್ಚು ಕೇಳುವ ಸ್ವತ್ತುಗಳೂ ಇವೆ. ಎತ್ತು ಅಂಥದು, ಮೋಟಾರು ಗಾಡಿಯೂ ಅಂಥದು. ಅದರಲ್ಲಿಯೂ ಬೇರೊಂದು ದೇಶದಲ್ಲಿ ತಯಾರಾಗಿ, ಒಬ್ಬರ ಕೈಯಲ್ಲಿ ಸವೆದು, ಆಮೇಲೆ ನಮ್ಮಲ್ಲಿಗೆ ಬಂದ ಗಾಡಿಗೆ ಎರಡು ಬೆಲೆಗಳಿರುತ್ತವೆ. ಒಂದು, ಕೊಳ್ಳುವ ಬೆಲೆ. ಎರಡನೆಯದು, ನಮ್ಮ ರಸ್ತೆಗೆ, ನಮಗೆ ಸಿಗುವ ಇಂಧನಕ್ಕೆ, ನಮ್ಮ ಕಾಯಿದೆಗೆ ಅದನ್ನು ಒಗ್ಗಿಸುವ ಬೆಲೆ. ಮೊದಲನೆಯದನ್ನು ಎಲ್ಲರೂ ವಿಚಾರಿಸುತ್ತಾರೆ. ಎರಡನೆಯದನ್ನು ವಿಚಾರಿಸದೆ ಸಾಲಕ್ಕೆ ಬಿದ್ದ ಮನೆಗಳು ನಮ್ಮ ಜಿಲ್ಲೆಯಲ್ಲಿವೆ; ಅವುಗಳಲ್ಲಿ ನಮ್ಮ ಮನೆಯೂ ಒಂದು. ಈ ಎರಡನೆಯ ಬೆಲೆಯ ಸ್ವರೂಪವೇನು, ಅದನ್ನು ಮುಂಚಿತವಾಗಿ ಲೆಕ್ಕ ಹಾಕುವುದು ಹೇಗೆ ಎಂಬುದನ್ನು ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಜಿಲ್ಲೆಗೆ ಮೋಟಾರು ಏಕೆ ಬೇಕಾಯಿತು?

ಚಿತ್ರದುರ್ಗ ಜಿಲ್ಲೆಯ ಭೂಪಟವನ್ನು ಮುಂದಿಟ್ಟುಕೊಂಡರೆ ಈ ಪ್ರಶ್ನೆಗೆ ಉತ್ತರ ಸುಲಭವಾಗಿ ದೊರೆಯುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲುದಾರಿ ಜಿಲ್ಲೆಯ ಪಶ್ಚಿಮದ ಅಂಚನ್ನು ಹಿಡಿದು, ಹೊಳಲ್ಕೆರೆ, ಚಿಕ್ಕಜಾಜೂರುಗಳ ಮೇಲೆ ದಾವಣಗೆರೆಗೆ ಸಾಗುತ್ತದೆ. ಚಿತ್ರದುರ್ಗಕ್ಕೆ ಚಿಕ್ಕಜಾಜೂರಿನಿಂದ ಒಂದು ಕವಲುದಾರಿ ಬಂದಿತು. ‘ಹೊಸದುರ್ಗ ರಸ್ತೆ’ ಎಂಬ ನಿಲ್ದಾಣದ ಹೆಸರೇ ಹೇಳುವಂತೆ, ಹೊಸದುರ್ಗ ಪಟ್ಟಣಕ್ಕೆ ಹೋಗಬೇಕಾದವರು ಅಲ್ಲಿಳಿದು ಮತ್ತೆ ರಸ್ತೆ ಹಿಡಿಯಬೇಕು. ಹಿರಿಯೂರಿನ ಸ್ಥಿತಿ ಇನ್ನೂ ವಿಚಿತ್ರ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ೧೯೦೭ರಲ್ಲಿ ವಾಣಿವಿಲಾಸಸಾಗರದ ಕಟ್ಟೆ ಪೂರ್ಣಗೊಂಡು, ಆ ತಾಲ್ಲೂಕಿನಲ್ಲಿ ನೀರಾವರಿ ಬೆಳೆಗಳು ಬಂದವು. ರೈಲು ಮಾತ್ರ ಇಪ್ಪತ್ತನೆಯ ಶತಮಾನ ಮುಗಿದರೂ ಬರಲಿಲ್ಲ. ಹಿರಿಯೂರಿಗೆ ದಕ್ಕಿದ್ದು ಬೆಂಗಳೂರು–ಪುಣೆ ಹೆದ್ದಾರಿ.

ಆದುದರಿಂದ ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಕೆ, ಹಿರಿಯೂರಿನ ಕಬ್ಬು, ಬಯಲುಸೀಮೆಯ ಶೇಂಗಾ, ಗಣಿಗಳ ಅದಿರು, ಎಲ್ಲವೂ ಎತ್ತಿನ ಗಾಡಿಯಿಂದ ಲಾರಿಗೆ ಏರಬೇಕಾಯಿತು. ಜನರ ಓಡಾಟಕ್ಕೆ ಬಸ್ಸು ಬೇಕಾಯಿತು. ಆದರೆ ಲಾರಿಯನ್ನೂ ಬಸ್ಸನ್ನೂ ತಯಾರಿಸುವ ಕಾರಖಾನೆ ಆಗ ದೇಶದಲ್ಲಿಯೇ ಇರಲಿಲ್ಲ. ಜನರಲ್ ಮೋಟಾರ್ಸ್ ಕಂಪನಿಯವರು ೧೯೨೮ರಿಂದ ಮುಂಬಯಿಯಲ್ಲಿ ಗಾಡಿಗಳನ್ನು ಜೋಡಿಸುತ್ತಿದ್ದರು. ಫೋರ್ಡ್ ಕಂಪನಿಯವರ ಜೋಡಣೆಯೂ ಇತ್ತು. ಭಾಗಗಳೆಲ್ಲ ಹಡಗಿನಲ್ಲಿ ಬರುತ್ತಿದ್ದವು. ಇಲ್ಲಿ ನಡೆಯುತ್ತಿದ್ದುದು ಜೋಡಣೆ ಮಾತ್ರ. ಚಾಸಿಯ ಮೇಲೆ ಮರದ ಬಾಡಿ ಕಟ್ಟುವ ಕೆಲಸ ನಮ್ಮ ಬಡಗಿಗಳ ಮತ್ತು ಕಮ್ಮಾರರ ಪಾಲಿಗೆ ಬಂದಿತು. ಪರದೇಶದ ಗಾಡಿಯನ್ನು ನಮ್ಮೂರಿಗೆ ಒಗ್ಗಿಸುವ ವಿದ್ಯೆಯ ಮೊದಲ ಪಾಠ ಇದೇ ಎನ್ನಬಹುದು.

ಇದ್ದಿಲಿನ ಕಾಲ

ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. ಗಾಡಿಗಳಿದ್ದರೂ ಕುಡಿಸಲು ಎಣ್ಣೆಯಿಲ್ಲದಂತಾಯಿತು. ಆಗ ಮೈಸೂರು ಸಂಸ್ಥಾನದಲ್ಲಿ ಇದ್ದಿಲಿನ ಅನಿಲದಿಂದ ಓಡುವ ಬಸ್ಸುಗಳು ಬಳಕೆಗೆ ಬಂದವು. ಇದರ ತತ್ತ್ವ ಸರಳವಾದುದು. ಬಸ್ಸಿನ ಬೆನ್ನಿಗೆ ಒಂದು ಕಬ್ಬಿಣದ ಕೊಳವೆಯಾಕಾರದ ಒಲೆಯನ್ನು ಕಟ್ಟಿ ಅದರಲ್ಲಿ ಇದ್ದಿಲನ್ನು ತುಂಬುತ್ತಾರೆ. ಬೇಕಾದಷ್ಟು ಗಾಳಿ ಕೊಡದೆ ಉರಿಸಿದಾಗ ಇದ್ದಿಲು ಪೂರ್ತಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದನ್ನು ತಣಿಸಿ, ಬೂದಿ ಸೋಸಿ, ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಬಿಟ್ಟರೆ ಅದು ಪೆಟ್ರೋಲಿನ ಸ್ಥಾನದಲ್ಲಿ ಸಿಡಿದು ಕೆಲಸ ಮಾಡುತ್ತದೆ.

ಕೇಳಲು ಸೊಗಸಾದ ಉಪಾಯ. ಆದರೆ ಅದಕ್ಕೂ ಬೆಲೆಯಿತ್ತು. ಈ ಅನಿಲದಲ್ಲಿ ಉರಿಯದ ನೈಟ್ರೋಜನ್ನಿನ ಪಾಲು ದೊಡ್ಡದು. ಆದುದರಿಂದ ಎಂಜಿನ್ನಿನ ಶಕ್ತಿ ಮೂರರಲ್ಲೊಂದು ಪಾಲಿಗೂ ಮಿಗಿಲಾಗಿ ಕುಗ್ಗುತ್ತದೆ. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು. ಹೊರಡುವ ಮುನ್ನ ಕ್ಲೀನರು ಬಹಳ ಹೊತ್ತು ತಿದಿ ತಿರುಗಿಸಿ ಕೆಂಡ ಮಾಡಬೇಕು. ಸೋಸುವಿಕೆ ಕೆಟ್ಟರೆ ಬೂದಿ ಸಿಲಿಂಡರಿಗೆ ಹೊಕ್ಕು ಅದನ್ನು ಉಜ್ಜಿಬಿಡುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಷೆಡ್ಡಿನಲ್ಲಿ ಅದು ಮನುಷ್ಯನನ್ನು ಸದ್ದಿಲ್ಲದೆ ಕೊಲ್ಲಬಲ್ಲದು. ಪೆಟ್ರೋಲು ಮತ್ತೆ ಸಿಗತೊಡಗಿದ ಮೇಲೆ ಈ ಒಲೆಗಳು ಗುಜರಿಗೆ ಹೋದವು. ಇದರಿಂದ ಕಲಿಯುವ ಪಾಠವಿಷ್ಟು: ಯಂತ್ರವನ್ನು ಬೇರೆ ಇಂಧನಕ್ಕೆ ಒಗ್ಗಿಸುವುದು ಸಾಧ್ಯ, ಆದರೆ ಉಳಿಸಿದ ಹಣದ ಒಂದು ಭಾಗವನ್ನು ಶಕ್ತಿಯಲ್ಲಿ, ಶ್ರಮದಲ್ಲಿ ಅಥವಾ ಅಪಾಯದಲ್ಲಿ ಹಿಂದಕ್ಕೆ ಕೊಡಬೇಕಾಗುತ್ತದೆ.

ಡಿಸ್ಪೋಸಲ್ ಗಾಡಿಗಳು

ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಲಾರಿಗಳೂ ಜೀಪುಗಳೂ ದೇಶದ ನಾನಾ ಡಿಪೋಗಳಲ್ಲಿ ರಾಶಿ ಬಿದ್ದವು. ಅವುಗಳನ್ನು ವಿಲೇವಾರಿ ಮಾಡಲು ಸರಕಾರ ಪ್ರತ್ಯೇಕ ಇಲಾಖೆಯನ್ನೇ ಏರ್ಪಡಿಸಿತು. ‘ಡಿಸ್ಪೋಸಲ್ ಗಾಡಿ’ ಎಂಬ ಮಾತು ಕನ್ನಡಕ್ಕೆ ಬಂದದ್ದು ಹೀಗೆ. ಬೆಂಗಳೂರು ಯುದ್ಧಕಾಲದ ದೊಡ್ಡ ಸೈನಿಕ ಕೇಂದ್ರವಾಗಿದ್ದುದರಿಂದ ಆ ಗಾಡಿಗಳು ಮೈಸೂರು ಸೀಮೆಗೆ ಹತ್ತಿರವಾಗಿಯೇ ಇದ್ದವು. ಪರದೇಶದ ಹಳೆಯ ಗಾಡಿಗಳನ್ನು ಹಿಂದುಳಿದ ಮಾರುಕಟ್ಟೆಯಲ್ಲಿ ಕೊಂಡು ಒಗ್ಗಿಸಿದ ಕಥೆಗೆ ನಮ್ಮಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ.

ನಮ್ಮ ತಾತ ೧೯೬೨ರಲ್ಲಿ, ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ, ಹಿರಿಯೂರಿನ ಹೆದ್ದಾರಿಯ ಬದಿಯ ಒಂದು ಗ್ಯಾರೇಜಿಗೆ ಕೆಲಸ ಕಲಿಯಲು ಸೇರಿದರು. ಅವರ ಮೇಸ್ತ್ರಿ ಡಿಸ್ಪೋಸಲ್ ಗಾಡಿಗಳಲ್ಲಿಯೇ ಕೈ ಪಳಗಿಸಿಕೊಂಡವರು. ಹರಾಜಿನ ವಿಷಯದಲ್ಲಿ ಆ ಮೇಸ್ತ್ರಿ ಹೇಳುತ್ತಿದ್ದ ಮಾತನ್ನು ತಾತ ಈಗಲೂ ನೆನೆಯುತ್ತಾರೆ: ಅಲ್ಲಿ ಕೊಳ್ಳುವುದೆಂದರೆ ನೀರಿನಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದ ಹಾಗೆ. ಗಾಡಿಯನ್ನು ಇದ್ದಲ್ಲಿ ಇದ್ದ ಹಾಗೆ ಕೊಳ್ಳಬೇಕು, ಓಡಿಸಿ ನೋಡುವಂತಿಲ್ಲ. ಆದುದರಿಂದ ಬಲ್ಲವರು ಒಂದನ್ನು ಓಡಿಸಲೆಂದೂ ಇನ್ನೊಂದನ್ನು ಬಿಚ್ಚಿಕೊಳ್ಳಲೆಂದೂ ಒಂದೇ ಜಾತಿಯ ಎರಡು ಗಾಡಿಗಳನ್ನು ಕೊಳ್ಳುತ್ತಿದ್ದರಂತೆ.

ಅಮೆರಿಕದ ಸೇನೆಯ ವಿಲ್ಲಿಸ್ ಜೀಪನ್ನೇ ತೆಗೆದುಕೊಳ್ಳೋಣ. ಅದರ ಪೆಟ್ರೋಲ್ ಎಂಜಿನ್ನಿನ ಗಾತ್ರ ಸುಮಾರು ೨.೨ ಲೀಟರು, ಶಕ್ತಿ ಸುಮಾರು ೬೦ ಅಶ್ವಶಕ್ತಿ. ನಾಲ್ಕು ಚಕ್ರಗಳಿಗೂ ಎಳೆತ. ಬ್ಯಾಟರಿ ೬ ವೋಲ್ಟಿನದು. ಸ್ಟಿಯರಿಂಗು ಎಡಗಡೆಗೆ. ಅಮೆರಿಕದಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುವುದರಿಂದ ಈ ಏರ್ಪಾಡು. ನಮ್ಮಲ್ಲಿ ಎಡಕ್ಕೆ ಓಡಿಸಬೇಕಾದ್ದರಿಂದ, ಎಡಗಡೆ ಕುಳಿತ ಚಾಲಕನಿಗೆ ಮುಂದಿನ ಗಾಡಿಯನ್ನು ಹಿಂದೆ ಹಾಕುವಾಗ ಎದುರಿನಿಂದ ಬರುವವರು ಕಾಣುವುದಿಲ್ಲ. ಒಂಟಿ ಹೆದ್ದಾರಿಯಲ್ಲಿ ಇದು ಸಾಮಾನ್ಯವಾದ ತೊಂದರೆಯಲ್ಲ.

ಸ್ಟಿಯರಿಂಗನ್ನು ಬಲಕ್ಕೆ ತರುವುದೆಂದರೆ ಚಕ್ರವೊಂದನ್ನು ಬಿಚ್ಚಿ ಆಚೆ ಕೂರಿಸುವುದೆಂದು ಹೊರಗಿನವರು ತಿಳಿಯುತ್ತಾರೆ. ವಾಸ್ತವವಾಗಿ ಸ್ಟಿಯರಿಂಗ್ ಪೆಟ್ಟಿಗೆಯನ್ನು ಕೂರಿಸಲು ಚಾಸಿಯ ಬಲಪಟ್ಟಿಯಲ್ಲಿ ಹೊಸ ಆಸರೆ ಮಾಡಬೇಕು. ಅದರಿಂದ ಚಕ್ರಕ್ಕೆ ಹೋಗುವ ಸರಳುಗಳ ಅಳತೆ ಬದಲಾಗುತ್ತದೆ. ಕ್ಲಚ್ಚು, ಬ್ರೇಕುಗಳ ಪೆಡಲುಗಳನ್ನು ಬಲಕ್ಕೆ ತಂದು, ಅವುಗಳ ಒತ್ತಡ ಹಳೆಯ ಸ್ಥಳಕ್ಕೆ ತಲುಪುವಂತೆ ಅಡ್ಡ ಸರಳು ಹಾಕಬೇಕು. ಎದುರಿನವರ ಕಣ್ಣು ಕುಕ್ಕದಂತೆ ಮುಂದೀಪದ ಬೆಳಕನ್ನೂ ಎಡಕ್ಕೆ ಬಾಗಿಸಬೇಕು. ಈ ಕೆಲಸಗಳಲ್ಲಿ ಒಂದು ಕಟ್ಟುನಿಟ್ಟನ್ನು ತಾತನ ಮೇಸ್ತ್ರಿ ಎಂದೂ ಮುರಿಯಲಿಲ್ಲವಂತೆ. ಸ್ಟಿಯರಿಂಗಿನ ಸರಳಿಗೂ ತೋಳಿಗೂ ಬೆಸುಗೆ ಹಾಕಕೂಡದು; ಅಳತೆಗೆ ತಕ್ಕ ಭಾಗ ಸಿಗದಿದ್ದರೆ ಗಾಡಿ ನಿಲ್ಲಲಿ. ಬಾಡಿಯ ಬೆಸುಗೆ ಬಿಟ್ಟರೆ ಸದ್ದಾಗುತ್ತದೆ, ಸ್ಟಿಯರಿಂಗಿನ ಬೆಸುಗೆ ಬಿಟ್ಟರೆ ಹೆಣ ಬೀಳುತ್ತದೆ ಎಂದು ಅವರು ಹುಡುಗರಿಗೆ ಹೇಳುತ್ತಿದ್ದರು.

ಆರ್ಥಿಕ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಡಿಸ್ಪೋಸಲ್‌ನಲ್ಲಿ ಬಂದ ಅನೇಕ ಜಾತಿಯ ಗಾಡಿಗಳು ಕೆಲವು ವರ್ಷಗಳಲ್ಲಿ ಮಾಯವಾದವು. ಜೀಪು ಮಾತ್ರ ಉಳಿಯಿತು. ಮಿಕ್ಕ ಗಾಡಿಗಳೇನೂ ಕಳಪೆಯಾಗಿರಲಿಲ್ಲ. ಮಹೀಂದ್ರ ಕಂಪನಿಯವರು ೧೯೪೦ರ ದಶಕದ ಕೊನೆಯಿಂದ ಇದೇ ವಂಶದ ಜೀಪನ್ನು ಭಾರತದಲ್ಲಿ ಜೋಡಿಸಿ, ಮುಂದೆ ಇಲ್ಲಿಯೇ ತಯಾರಿಸತೊಡಗಿದರು. ಆದುದರಿಂದ ಹಳೆಯ ಜೀಪಿಗೂ ಹೊಂದುವ ಬಿಡಿಭಾಗಗಳು ಪೇಟೆಯಲ್ಲಿ ಸಿಗುತ್ತಿದ್ದವು. ಬಿಡಿಭಾಗ ಸಿಕ್ಕದ ಗಾಡಿ ಎಷ್ಟೇ ಗಟ್ಟಿಯಾಗಿದ್ದರೂ ಅದರ ಆಯುಷ್ಯ ಮೊದಲು ಮುರಿಯುವ ಭಾಗದ ಆಯುಷ್ಯದಷ್ಟೇ.

ಕಾರಖಾನೆಯ ನೀತಿ, ಗ್ಯಾರೇಜಿನ ಉತ್ತರ

ಸ್ವಾತಂತ್ರ್ಯಾನಂತರ ಸರಕಾರದ ಮುಂದೆ ಎರಡು ದಾರಿಗಳಿದ್ದವು. ಪರದೇಶದ ಗಾಡಿಗಳನ್ನು ಸುಲಭವಾಗಿ ಒಳಬಿಟ್ಟು ಜನಕ್ಕೆ ಅಗ್ಗದಲ್ಲಿ ಒದಗಿಸುವುದು ಒಂದು. ಆಮದನ್ನು ತಡೆದು ದೇಶದೊಳಗೆ ಕಾರಖಾನೆಗಳನ್ನು ಬೆಳೆಸುವುದು ಇನ್ನೊಂದು. ಸರಕಾರ ಎರಡನೆಯದನ್ನು ಹಿಡಿಯಿತು. ತಯಾರಿಕೆಯ ಯೋಜನೆಯಿಲ್ಲದೆ ಬರಿಯ ಜೋಡಣೆ ಮಾಡುವವರು ವ್ಯವಹಾರ ನಿಲ್ಲಿಸಬೇಕೆಂದು ೧೯೫೩ರಲ್ಲಿ ಸುಂಕ ಆಯೋಗದ ಶಿಫಾರಸನ್ನನುಸರಿಸಿ ತೀರ್ಮಾನವಾಯಿತು. ಜನರಲ್ ಮೋಟಾರ್ಸ್, ಫೋರ್ಡ್ ಕಂಪನಿಗಳು ಹೊರಟುಹೋದವು. ಹಿಂದೂಸ್ಥಾನ್ ಮೋಟಾರ್ಸ್, ಪ್ರೀಮಿಯರ್, ಮಹೀಂದ್ರ, ಮದರಾಸಿನ ಸ್ಟ್ಯಾಂಡರ್ಡ್ ಮತ್ತು ಅಶೋಕ್ ಲೇಲ್ಯಾಂಡ್, ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಡನೆ ೧೯೫೪ರಲ್ಲಿ ಕೂಡಿಕೊಂಡ ಟಾಟಾ, ಇವೇ ಮುಖ್ಯವಾಗಿ ಉಳಿದವು.

ಈ ನೀತಿಯ ಗುಣದೋಷಗಳನ್ನು ಕುರಿತು ಅರ್ಥಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯಗಳಿವೆ. ದೇಶದಲ್ಲಿ ಬಿಡಿಭಾಗಗಳ ಉದ್ಯಮ ಬೆಳೆದುದು ಇದರ ಗುಣ. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾದುದು ಇದರ ದೋಷ. ಕಾಯಲಾರದವರು ಹಳೆಯದನ್ನೇ ರಿಪೇರಿ ಮಾಡಿಸಿ ಓಡಿಸಿದರು. ಹಣವುಳ್ಳವರಿಗೆ ಇನ್ನೊಂದು ಕಿಂಡಿಯಿತ್ತು. ೧೯೫೬ರಲ್ಲಿ ಸ್ಥಾಪಿತವಾದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ನು ರಾಯಭಾರ ಕಚೇರಿಗಳವರ ಪರದೇಶದ ಕಾರುಗಳನ್ನು ತೆಗೆದುಕೊಂಡು ಟೆಂಡರಿನ ಮೂಲಕ ಮಾರುತ್ತಿತ್ತು. ಅಂಥ ಕಾರು ಮೈಸೂರಿನ ಯಾವುದಾದರೂ ಬಂಗಲೆಗೆ ಬರಬಹುದಾಗಿತ್ತು. ಹೊಳಲ್ಕೆರೆಯ ಅಡಕೆ ವ್ಯಾಪಾರಿಗೆ ಅದರ ಕನ್ನಡಿ ಒಡೆದರೂ ಬದಲಿ ಸಿಗುತ್ತಿರಲಿಲ್ಲ.

ಸಾರಿಗೆಯ ರಾಷ್ಟ್ರೀಕರಣದ ವಿಚಾರವನ್ನೂ ಇಲ್ಲಿ ಹೇಳಬೇಕು. ೧೯೪೮ರ ಸೆಪ್ಟೆಂಬರ್ ೧೨ರಂದು ಮೈಸೂರು ಸರಕಾರದ ರಸ್ತೆ ಸಾರಿಗೆ ಇಲಾಖೆ ೧೨೦ ಬಸ್ಸುಗಳೊಂದಿಗೆ ಆರಂಭವಾಯಿತು. ಆದರೆ ಚಿತ್ರದುರ್ಗದ ಸೀಮೆಯಲ್ಲಿ ಖಾಸಗಿ ಬಸ್ಸುಗಳ ಪ್ರಾಬಲ್ಯ ಬಹುಕಾಲ ಉಳಿಯಿತು. ಬಸ್ಸು ಹೋಗದ ಹಳ್ಳಿಗಳಿಗೆ ಜೀಪುಗಳು ಜನರನ್ನು ಹೊತ್ತು ಟ್ರಿಪ್ಪು ಹೊಡೆದವು. ಈ ಖಾಸಗಿ ಓಡಾಟವೇ ಹೆದ್ದಾರಿಯ ಗ್ಯಾರೇಜುಗಳಿಗೆ ಅನ್ನ ಕೊಟ್ಟಿತು.

ಡೀಸೆಲಿನ ಲೆಕ್ಕ

ಪೆಟ್ರೋಲ್ ಗಾಡಿಗೆ ಡೀಸೆಲ್ ಎಂಜಿನ್ ಕೂರಿಸುವುದು ನಮ್ಮ ಗ್ಯಾರೇಜುಗಳ ಎರಡನೆಯ ದೊಡ್ಡ ವಿದ್ಯೆ. ಮದರಾಸಿನ ಸಿಂಪ್ಸನ್ ಕಂಪನಿ ತಯಾರಿಸುತ್ತಿದ್ದ ಪರ್ಕಿನ್ಸ್ ಎಂಜಿನ್ನುಗಳು ಹಳೆಯ ಅಮೆರಿಕನ್ ಲಾರಿಗಳ ಹೊಟ್ಟೆ ಸೇರಿದವು. ಮುಂದೆ ಮಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್ನುಗಳು ಜೀಪಿಗೂ ಅಂಬಾಸಿಡರಿಗೂ ಬಂದವು. ಇದರ ಹಿಂದಿನ ಪ್ರೇರಣೆ ಶುದ್ಧ ಗಣಿತ. ಒಂದು ಕಲ್ಪಿತ ಲೆಕ್ಕದಿಂದ ಅದನ್ನು ವಿಶದಪಡಿಸಬಹುದು.

ಒಂದು ಜೀಪು ದಿನಕ್ಕೆ ೬೦ ಕಿಲೋಮೀಟರಿನಂತೆ ತಿಂಗಳಿಗೆ ೨೫ ದಿನ, ಅಂದರೆ ೧,೫೦೦ ಕಿಲೋಮೀಟರು ಓಡುತ್ತದೆ ಎಂದಿಟ್ಟುಕೊಳ್ಳೋಣ. ಪೆಟ್ರೋಲಿನಲ್ಲಿ ಲೀಟರಿಗೆ ೭.೫ ಕಿಲೋಮೀಟರಾದರೆ ೨೦೦ ಲೀಟರು ಬೇಕು. ಲೀಟರಿಗೆ ೧೬ ರೂಪಾಯಿನಂತೆ ೩,೨೦೦ ರೂಪಾಯಿ. ಡೀಸೆಲಿನಲ್ಲಿ ಲೀಟರಿಗೆ ೧೨ ಕಿಲೋಮೀಟರಾದರೆ ೧೨೫ ಲೀಟರು ಸಾಕು. ಲೀಟರಿಗೆ ೮ ರೂಪಾಯಿನಂತೆ ೧,೦೦೦ ರೂಪಾಯಿ. ತಿಂಗಳ ಉಳಿತಾಯ ೨,೨೦೦ ರೂಪಾಯಿ. ಎಂಜಿನ್ ಬದಲಾಯಿಸಲು ೩೩,೦೦೦ ರೂಪಾಯಿ ತಗುಲಿದರೆ ೧೫ ತಿಂಗಳಲ್ಲಿ ಹಣ ಹಿಂದಕ್ಕೆ ಬಂದಿತು.

ಲೆಕ್ಕ ಇಲ್ಲಿಗೇ ನಿಂತರೆ ಯಾರೂ ಒಪ್ಪುವಂಥದೇ. ಆದರೆ ೩೩,೦೦೦ ರೂಪಾಯಿ ಸಾಮಾನ್ಯವಾಗಿ ಕೈಯಲ್ಲಿರುವುದಿಲ್ಲ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ತಂದರೆ, ಮೊದಲ ತಿಂಗಳ ಬಡ್ಡಿಯೇ ೬೬೦ ರೂಪಾಯಿ. ಉಳಿತಾಯವನ್ನೆಲ್ಲ ಸಾಲಕ್ಕೇ ಕಟ್ಟಿದರೂ ತೀರಲು ೧೮ ತಿಂಗಳು ಬೇಕು. ಕಾರಣಾಂತರದಿಂದ ಗಾಡಿ ಮೊದಲ ನಾಲ್ಕು ತಿಂಗಳು ನಿಂತಿತೆನ್ನಿ. ಉಳಿತಾಯ ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ. ಬಡ್ಡಿಗೆ ಬಡ್ಡಿ ಸೇರಿ, ಸಾಲ ತೀರಲು ಸುಮಾರು ಎರಡು ವರ್ಷ ಹಿಡಿಯುತ್ತದೆ. ನಿಂತ ಗಾಡಿಯ ಖರ್ಚು ಓಡುವ ಗಾಡಿಯ ಖರ್ಚಿಗಿಂತ ಹೆಚ್ಚೆಂದು ತಾತ ಹೇಳುವುದರ ಅರ್ಥ ಇದು.

ಯಂತ್ರದ ಕಡೆಯಿಂದಲೂ ತೊಡಕುಗಳಿವೆ. ಡೀಸೆಲ್ ಎಂಜಿನ್ ಭಾರವಾದುದು. ಮುಂದಿನ ಕಮಾನು ಪ್ಲೇಟುಗಳು ತಗ್ಗುತ್ತವೆ. ಅವುಗಳಿಗೆ ಪ್ಲೇಟು ಸೇರಿಸಬೇಕು. ಹಳೆಯ ಗೇರುಪೆಟ್ಟಿಗೆಗೂ ಹೊಸ ಎಂಜಿನ್ನಿಗೂ ನಡುವೆ ಲೇತಿನಲ್ಲಿ ಕಡೆದ ಉಕ್ಕಿನ ಬಿಲ್ಲೆ ಬೇಕು. ಅದು ಕೂದಲೆಳೆಯಷ್ಟು ಓರೆಯಾದರೂ ಕ್ಲಚ್ಚು ಬಾಳುವುದಿಲ್ಲ. ಡೀಸೆಲ್ ಎಂಜಿನ್ನು ಪೆಟ್ರೋಲ್ ಎಂಜಿನ್ನಿಗಿಂತ ನಿಧಾನವಾಗಿ ತಿರುಗುತ್ತದೆ. ಹಿಂದಿನ ಗೇರಿನ ಹಲ್ಲುಗಳ ಪ್ರಮಾಣವನ್ನು ಬದಲಿಸದಿದ್ದರೆ ಎಂಜಿನ್ನು ಅರಚುತ್ತದೆ, ಗಾಡಿ ಓಡುವುದಿಲ್ಲ. ೬ ವೋಲ್ಟಿನ ಏರ್ಪಾಡು ಡೀಸೆಲನ್ನು ಚಾಲೂ ಮಾಡಲಾರದು. ಅದನ್ನು ೧೨ ವೋಲ್ಟಿಗೆ ಏರಿಸಬೇಕು. ಇಷ್ಟನ್ನೂ ಯಾವ ನಕ್ಷೆಯೂ ಇಲ್ಲದೆ, ಕಣ್ಣಳತೆಯಿಂದಲೂ ಕೈಯ ಅಂದಾಜಿನಿಂದಲೂ ಮಾಡಿದವರು ನಮ್ಮ ಮೇಸ್ತ್ರಿಗಳು. ಅವರಲ್ಲಿ ಅನೇಕರಿಗೆ ಓದು ಬರಹ ಅಷ್ಟಕ್ಕಷ್ಟೇ.

ನಮ್ಮ ಮನೆಯ ಜೀಪು

ಇನ್ನು ನಮ್ಮ ಮನೆಯ ವಿಚಾರಕ್ಕೆ ಬರುತ್ತೇನೆ. ೧೯೯೪ರಲ್ಲಿ ನಮ್ಮ ದೊಡ್ಡಪ್ಪ ಹೊಸದುರ್ಗಕ್ಕೂ ನಮ್ಮ ಹಳ್ಳಿಗೂ ನಡುವೆ ಬಾಡಿಗೆಗೆ ಓಡಿಸಲೆಂದು ಒಂದು ಜೀಪನ್ನು ಕೊಂಡರು. ಅದು ಮೂಲದಲ್ಲಿ ಡಿಸ್ಪೋಸಲ್ ವಿಲ್ಲಿಸ್. ಸ್ಟಿಯರಿಂಗು ಬಲಕ್ಕೆ ಬಂದಿತ್ತು, ಮಾಟಡೋರ್ ಎಂಜಿನ್ ಕೂತಿತ್ತು. ಮಾರಿದವರು ಬೇರೆ ಊರಿನವರು. ಕೊಳ್ಳುವ ಮುನ್ನ ದೊಡ್ಡಪ್ಪ ತಾತನನ್ನು ಕರೆದುಕೊಂಡು ಹೋದರು. ತಾತ ಎಂಜಿನ್ನಿನ ಸದ್ದು ಕೇಳಿದರು, ಹೊಗೆಯ ಬಣ್ಣ ನೋಡಿದರು, ಗಾಡಿಯ ಕೆಳಗೆ ಮಲಗಿ ಸ್ಟಿಯರಿಂಗಿನ ತೋಳನ್ನು ಮುಟ್ಟಿ ನೋಡಿದರು. ಬೆಸುಗೆ ಇರಲಿಲ್ಲ. “ತಗೋಳಪ್ಪ, ಗಾಡಿ ಗಟ್ಟಿಯಾಗೈತೆ” ಎಂದರು.

ಗಾಡಿ ನಿಜವಾಗಿಯೂ ಗಟ್ಟಿಯಾಗಿತ್ತು. ಮೂರು ತಿಂಗಳು ಚೆನ್ನಾಗಿ ಓಡಿತು. ಅನಂತರ ಎಫ್.ಸಿ. ಮಾಡಿಸಲು ಹೋದಾಗ ಸಂಗತಿ ಹೊರಬಿದ್ದಿತು. ಆರ್.ಸಿ. ಪುಸ್ತಕದಲ್ಲಿ ಪೆಟ್ರೋಲ್ ಎಂದೇ ಬರೆದಿತ್ತು. ಎಂಜಿನ್ನಿನ ನಂಬರು ಪುಸ್ತಕದ ನಂಬರಿಗೆ ತಾಳೆಯಾಗಲಿಲ್ಲ. ಎಂಜಿನ್ನು ಯಾವ ಗಾಡಿಯಿಂದ ಬಂದದ್ದು, ಯಾರಿಂದ ಕೊಂಡದ್ದು ಎಂಬುದಕ್ಕೆ ರಸೀತಿ ಇರಲಿಲ್ಲ. ಮಾರಿದವರು ಮತ್ತೆ ಕೈಗೆ ಸಿಗಲಿಲ್ಲ. ಅಧಿಕಾರಿಗಳ ಮೇಲೆ ತಪ್ಪು ಹೊರಿಸುವಂತಿಲ್ಲ. ಕದ್ದ ಎಂಜಿನ್ನಿಗೂ ಕೊಂಡ ಎಂಜಿನ್ನಿಗೂ ಕಾಗದವಲ್ಲದೆ ಬೇರೆ ವ್ಯತ್ಯಾಸ ತೋರುವುದಾದರೂ ಹೇಗೆ? ಜೀಪು ಹುಣಿಸೆ ಮರದ ಕೆಳಗೆ ನಿಂತಿತು. ಸಾಲ ತೀರಿಸಲು ದೊಡ್ಡಪ್ಪ ತೆಂಗಿನ ತೋಟದ ಒಂದು ಪಾಲನ್ನು ಮಾರಬೇಕಾಯಿತು. ಅದರಲ್ಲಿ ಅವರ ತಂದೆಯ ಕಾಲದ ಮರಗಳಿದ್ದವು. ಆಮೇಲೆ ಜೀಪನ್ನು ಗುಜರಿಯವರು ತೂಕದ ಲೆಕ್ಕದಲ್ಲಿ ಒಯ್ದರು.

ಈ ಲೇಖನಕ್ಕಾಗಿ ವಿಷಯ ಸಂಗ್ರಹಿಸುವಾಗ ನಾನು ತಾತನನ್ನು ಆ ಜೀಪಿನ ಬಗ್ಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲಾ ನೋಡಿದೆ ಕಣಪ್ಪ, ಪುಸ್ತಕ ಒಂದು ನೋಡಲಿಲ್ಲ. ಅದು ನಮ್ಮ ಕೆಲಸ ಅಲ್ಲ ಅಂತ ತಿಳಿದಿದ್ದೆ” ಎಂದರು. ದೊಡ್ಡಪ್ಪ ಒಂದು ದಿನವೂ ಅವರನ್ನು ದೂರಲಿಲ್ಲ. ಆದರೆ ಆ ವರ್ಷದಿಂದ ತಾತ ಯಾರಿಗೂ ಹಳೆಯ ಗಾಡಿ ನೋಡಿಕೊಡಲು ಹೋಗಿಲ್ಲ.

ಹೊರಜಗತ್ತಿನ ಅನುಭವ

ಈ ಸಮಸ್ಯೆ ನಮ್ಮೊಬ್ಬರದೇ ಅಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ೨೦೨೦ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ೨೦೧೫ರಿಂದ ೨೦೧೮ರವರೆಗೆ ಯೂರೋಪು, ಜಪಾನ್ ಮತ್ತು ಅಮೆರಿಕಗಳಿಂದ ೧ ಕೋಟಿ ೪೦ ಲಕ್ಷ ಹಳೆಯ ಲಘುವಾಹನಗಳು ಬೇರೆ ದೇಶಗಳಿಗೆ ರಫ್ತಾದವು. ಅವುಗಳಲ್ಲಿ ಸುಮಾರು ನೂರಕ್ಕೆ ಎಂಬತ್ತು ಪಾಲು ಕೆಳ ಮತ್ತು ಮಧ್ಯಮ ಆದಾಯದ ದೇಶಗಳಿಗೆ, ಅರ್ಧಕ್ಕಿಂತ ಹೆಚ್ಚು ಆಫ್ರಿಕಕ್ಕೆ ಹೋದವು. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೊಮ್ಮೆಯೂ ಅನಂತರ ಎರಡು ವರ್ಷಕ್ಕೊಮ್ಮೆಯೂ ಕಡ್ಡಾಯ ತಪಾಸಣೆ ಇದೆ. ಅದರ ವೆಚ್ಚ ದುಬಾರಿಯಾದುದರಿಂದ ಜನರು ಚೆನ್ನಾಗಿರುವ ಕಾರನ್ನೂ ಮಾರಿಬಿಡುತ್ತಾರೆ. ಅಲ್ಲಿಯ ಜನ ನಮ್ಮಂತೆಯೇ ರಸ್ತ ೆಯ ಎಡಕ್ಕೆ ಓಡಿಸುವವರಾದ್ದರಿಂದ, ಎಡಕ್ಕೆ ಓಡಿಸುವ ಕೀನ್ಯಾದಂಥ ದೇಶಗಳಿಗೆ ಆ ಕಾರುಗಳು ನೇರವಾಗಿ ಹೊಂದುತ್ತವೆ. ಕೀನ್ಯಾ ಎಂಟು ವರ್ಷಕ್ಕಿಂತ ಹಳೆಯ ಕಾರನ್ನು ಒಳಬಿಡುವುದಿಲ್ಲವೆಂಬ ನಿಯಮ ಮಾಡಿಕೊಂಡಿದೆ.

ಬಲಕ್ಕೆ ಓಡಿಸುವ ಫಿಲಿಪ್ಪೀನ್ಸಿನಲ್ಲಿ ಬೇರೊಂದು ಬಗೆಯಾಯಿತು. ಅಲ್ಲಿ ಜಪಾನಿನ ಕಾರುಗಳ ಸ್ಟಿಯರಿಂಗನ್ನು ಬಲದಿಂದ ಎಡಕ್ಕೆ ತಿರುಗಿಸುವುದೇ ಒಂದು ಉದ್ಯಮವಾಯಿತು. ಬಲಗಡೆ ಸ್ಟಿಯರಿಂಗಿರುವ ಗಾಡಿಗಳನ್ನು ೧೯೯೮ರ ಕಾನೂನೊಂದು ನಿಷೇಧಿಸಿತು. ೨೦೦೨ರಲ್ಲಿ ಹಳೆಯ ಕಾರುಗಳ ಆಮದಿಗೇ ತಡೆ ಬಂದಿತು. ಬರ್ಮಾ ದೇಶ ೧೯೭೦ರಲ್ಲಿ ಎಡದಿಂದ ಬಲಕ್ಕೆ ಬದಲಾಯಿತು. ಆದರೂ ಅಗ್ಗವೆಂದು ಜಪಾನಿನ ಕಾರುಗಳನ್ನೇ ತರಿಸಿ, ಸ್ಟಿಯರಿಂಗನ್ನೂ ತಿರುಗಿಸದೆ ಓಡಿಸಿದವರು ಅಲ್ಲಿ ಬಹಳ ಮಂದಿ. ನಮ್ಮ ಎಡಗೈ ಜೀಪಿನ ಚಾಲಕನಿಗಿದ್ದ ಅಪಾಯವೇ ಅವರಿಗೂ.

ಇಂದಿನ ಕಾಯಿದೆ

ಹಳೆಯ ಕಾರನ್ನು ಪರದೇಶದಿಂದ ತರಲು ೨೦೦೧ರಿಂದ ಭಾರತದಲ್ಲಿ ಷರತ್ತಿನ ಮೇಲೆ ಅವಕಾಶ ದೊರೆಯಿತು. ಗಾಡಿ ಮೂರು ವರ್ಷಕ್ಕಿಂತ ಹಳೆಯದಾಗಿರಕೂಡದು. ಸ್ಟಿಯರಿಂಗು ಬಲಗಡೆಗೇ ಇರಬೇಕು. ಮುಂದೀಪಗಳು ಎಡಸಂಚಾರಕ್ಕೆ ತಕ್ಕಂತಿರಬೇಕು. ಇನ್ನೂ ಐದು ವರ್ಷ ರಸ್ತೆಗೆ ಯೋಗ್ಯವಾಗಿರುತ್ತದೆಂಬ ಖಾತರಿ, ರಿಪೇರಿಯ ಭರವಸೆ ಬೇಕು. ಮುಂಬಯಿ ಬಂದರಿನ ಮೂಲಕವೇ ಬರಬೇಕು. ಇವುಗಳ ಮೇಲೆ ಕಾರಿನ ಬೆಲೆಯನ್ನೂ ಮೀರಿದ ತೆರಿಗೆ. ಆದುದರಿಂದ ಬಾಗಿಲು ತೆರೆದಿದ್ದರೂ ಬಡವರು ಹೊಗುವ ಬಾಗಿಲು ಅದಲ್ಲ. ಕಳ್ಳದಾರಿ ಹಿಡಿದವರ ಗತಿಯೂ ಕಣ್ಣ ಮುಂದಿದೆ. ಭೂತಾನದ ಮೂಲಕ ಅಕ್ರಮವಾಗಿ ಬಂದವೆಂಬ ಶಂಕೆಯ ಮೇಲೆ ೨೦೨೫ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಅಧಿಕಾರಿಗಳು ಹಲವು ಕಾರುಗಳನ್ನು ವಶಪಡಿಸಿಕೊಂಡರು.

ಮಾರ್ಪಾಡಿನ ವಿಚಾರದಲ್ಲಿ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಸೆಕ್ಷನ್ ಮುಖ್ಯವಾದುದು. ಗಾಡಿಯ ನೋಂದಣಿಯಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ಅದನ್ನು ಬದಲಾಯಿಸಕೂಡದೆಂದು ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅಂಗೀಕೃತ ಕಿಟ್ಟನ್ನು ಬಳಸಿ ಅನಿಲ ಇಂಧನಕ್ಕೆ ಬದಲಾಗುವುದಕ್ಕೆ, ಅನುಮತಿ ಪಡೆದು ಅದೇ ಬಗೆಯ ಎಂಜಿನ್ ಹಾಕಿಸುವುದಕ್ಕೆ, ಅಂಗವಿಕಲರಿಗಾಗಿ ಗಾಡಿಯನ್ನು ಹೊಂದಿಸುವುದಕ್ಕೆ ಕಾಯಿದೆಯಲ್ಲಿ ಎಡೆಯಿದೆ. ಯಾವುದೇ ಬದಲಾವಣೆಯಾದರೂ ಪುಸ್ತಕದಲ್ಲಿ ಏರಬೇಕು.

ಇದರಿಂದ ಹಳೆಯ ಮೇಸ್ತ್ರಿಗಳ ವಿದ್ಯೆಗೆ ಪೆಟ್ಟು ಬಿದ್ದಿತೆಂಬುದು ನಿಜ. ಆದರೆ ಆ ವಿದ್ಯೆ ವ್ಯರ್ಥವಾಗಬೇಕಾಗಿಲ್ಲ. ಪೆಟ್ರೋಲ್ ಗಾಡಿಗಳಿಗೆ ವಿದ್ಯುತ್ ಮೋಟಾರು ಕೂರಿಸುವ ಅಂಗೀಕೃತ ಕಿಟ್ಟುಗಳು ಬರುತ್ತಿವೆ. ತೂಕ ಎಲ್ಲಿ ಬೀಳುತ್ತದೆ, ಆಸರೆ ಎಲ್ಲಿ ಬೇಕು, ಬ್ರೇಕು ಸಾಲುತ್ತದೆಯೇ ಎಂಬ ಪ್ರಶ್ನೆಗಳು ಅಂದಿನವೇ. ನಮ್ಮ ಐ.ಟಿ.ಐ.ಗಳು ಗ್ಯಾರೇಜಿನಲ್ಲಿ ಕಲಿತವರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಏರ್ಪಾಡು ತಾಲ್ಲೂಕು ತಾಲ್ಲೂಕಿಗೂ ವ್ಯಾಪಿಸಿದರೆ, ಕಣ್ಣಳತೆಯ ವಿದ್ಯೆಗೆ ಕಾಗದದ ಬಲವೂ ಬರುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ, ಹಳೆಯ ಗಾಡಿಯನ್ನು, ಪರದೇಶದ್ದಾಗಲಿ ಸ್ವದೇಶದ್ದಾಗಲಿ, ಕೊಳ್ಳುವವರು ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳು ಹೊರಡುತ್ತವೆ.

೧. ಇದರ ಬಿಡಿಭಾಗ ನಮ್ಮ ತಾಲ್ಲೂಕಿನ ಪೇಟೆಯಲ್ಲಿ, ಕಡೆಯ ಪಕ್ಷ ಜಿಲ್ಲೆಯ ಪೇಟೆಯಲ್ಲಿ ಸಿಗುತ್ತದೆಯೇ?

೨. ಇಂಧನದ ಉಳಿತಾಯದಲ್ಲಿ ಬಡ್ಡಿಯನ್ನೂ ಗಾಡಿ ನಿಲ್ಲುವ ದಿನಗಳನ್ನೂ ಕಳೆದರೆ ಏನಾದರೂ ಮಿಗುತ್ತದೆಯೇ?

೩. ಬದಲಾಯಿಸಿದ ಭಾಗಗಳಲ್ಲಿ ಸ್ಟಿಯರಿಂಗಿಗೆ, ಬ್ರೇಕಿಗೆ ಸೇರಿದ್ದು ಯಾವುದು? ಅದನ್ನು ಮಾಡಿದವರು ಯಾರು?

೪. ಚಾಸಿಯ ನಂಬರು, ಎಂಜಿನ್ನಿನ ನಂಬರು, ಇಂಧನ, ಬಣ್ಣ ಇವು ಆರ್.ಸಿ. ಪುಸ್ತಕಕ್ಕೆ ತಾಳೆಯಾಗುತ್ತವೆಯೇ?

ಮೊದಲ ಮೂರಕ್ಕೆ ಉತ್ತರ ಹೇಳಲು ಮೇಸ್ತ್ರಿ ಬೇಕು. ನಾಲ್ಕನೆಯದಕ್ಕೆ ಅಕ್ಷರ ಬಲ್ಲ ಯಾರಾದರೂ ಸಾಕು. ನಮ್ಮ ಕಾಲೇಜಿನಲ್ಲಿ ಓದುವ ಬಹುಮಂದಿ ಹಳ್ಳಿಗಳಿಂದ ಬಂದವರು. ಮನೆಯಲ್ಲಿ ಟ್ರ್ಯಾಕ್ಟರನ್ನೋ ಗೂಡ್ಸ್ ಆಟೋವನ್ನೋ ಹಳೆಯದು ಕೊಳ್ಳುವ ಮಾತು ಬಂದಾಗ ಹಿರಿಯರು ಮೇಸ್ತ್ರಿಯನ್ನು ಕರೆದುಕೊಂಡು ಹೋಗುತ್ತಾರೆ. ಓದುವ ಹುಡುಗರನ್ನು ಕರೆಯುವುದಿಲ್ಲ. ಕರೆಯದಿದ್ದರೂ ನಾವು ಜೊತೆಯಲ್ಲಿ ಹೋಗಬೇಕು. ಮೇಸ್ತ್ರಿ ಗಾಡಿಯ ಕೆಳಗೆ ಮಲಗಿ ನೋಡುತ್ತಿರುವಾಗ ಪಕ್ಕದಲ್ಲಿ ನಿಂತು ಪುಸ್ತಕವನ್ನು ಓದಬೇಕು. ೧೯೯೪ರಲ್ಲಿ ಹಾಗೆ ಓದುವವರೊಬ್ಬರು ಜೊತೆಯಲ್ಲಿದ್ದಿದ್ದರೆ ನಮ್ಮ ತೋಟದ ಆ ಮರಗಳು ಇಂದಿಗೂ ನಮ್ಮವಾಗಿರುತ್ತಿದ್ದವು.